ಕೆಥೆಡ್ರಲ್‌ನ ನೆಲ ಶಹಾಬಾದಿನದು

ಪುಣೆ
12 ಜೂನ್ 1996

ಜಗದೇವಪ್ಪ ಗೌಂಡಿಯವರಿಗೆ ಧನಶ್ರೀಯ ನಮಸ್ಕಾರ.

ನನ್ನ ಹೆಸರು ನಿಮಗೆ ನೆನಪಿರಲಿಕ್ಕಿಲ್ಲ. ಸೇಡಂನ ಗೋಪಾಲ ಮಾಸ್ತರರ ಮಗಳು. 1974ರಲ್ಲಿ ನಮ್ಮ ಮನೆಯ ಪಡಸಾಲೆಗೆ ಫರಸಿ ಕಲ್ಲು ಹಾಸಿದವರು ನೀವು. ಆಗ ನಾನು ಮೂರನೇ ಇಯತ್ತೆಯಲ್ಲಿದ್ದೆ. ಇಪ್ಪತ್ತೆರಡು ವರ್ಷವಾದರೂ ಒಂದು ಕಲ್ಲೂ ಅಲುಗಿಲ್ಲವೆಂದು ಅಪ್ಪ ಈಗಲೂ ಬಂದವರಿಗೆಲ್ಲ ಹೇಳುತ್ತಾರೆ. ನಿಮ್ಮ ವಿಳಾಸ ಕೊಟ್ಟವರೂ ಅವರೇ.

ಹಳೆಯ ಕಟ್ಟಡಗಳನ್ನು ದುರಸ್ತಿ ಮಾಡಿಸುವ ಇಲ್ಲಿನ ಒಂದು ಆಫೀಸಿನಲ್ಲಿ ನಾನು ಆರ್ಕಿಟೆಕ್ಟ್. ಕ್ಯಾಂಪ್ ಎಂಬ ದಂಡು ಪ್ರದೇಶದಲ್ಲಿರುವ ಸಂತ ಬಾರ್ನಬಸ್ ಕೆಥೆಡ್ರಲ್‌ನ ಕೆಲಸ ನನ್ನ ಪಾಲಿಗೆ ಬಂದಿದೆ. ಕೆಥೆಡ್ರಲ್ ಅಂದರೆ ಬಿಷಪ್ಪರ ಪೀಠವಿರುವ ದೊಡ್ಡ ಚರ್ಚು. ಇಂಗ್ಲೆಂಡಿನ ಆಂಗ್ಲಿಕನ್ ಪಂಥದವರು 1874ರಲ್ಲಿ ಅಡಿಗಲ್ಲಿಟ್ಟು 1881ರಲ್ಲಿ ಮುಗಿಸಿದರು. ಗೋಡೆಗೆ ಈ ಕಡೆಯ ಕರಿಕಲ್ಲು, ಒಳಗೆ ಹದಿನಾಲ್ಕು ಕಂಬ, ಕಂಬದಿಂದ ಕಂಬಕ್ಕೆ ಚೂಪು ಕಮಾನು. ಮೇಲೆ ಬರ್ಮಾ ತೇಗದ ಮಾಡು, ಕತ್ತೆತ್ತಿ ನೋಡಿದರೆ ದೋಣಿಯೊಂದನ್ನು ಬೋರಲು ಹಾಕಿದಂತೆ ಕಾಣುತ್ತದೆ. ಪೂರ್ವದ ಗೋಡೆಯಲ್ಲಿ ಬಣ್ಣದ ಗಾಜಿನ ಎತ್ತರದ ಕಿಟಕಿಯಿದೆ. ಬೆಳಿಗ್ಗೆ ಎಂಟಕ್ಕೆ ನೆಲವೆಲ್ಲ ಕೆಂಪು ನೀಲಿ ಆಗುತ್ತದೆ.

ತೊಂದರೆಯಿರುವುದು ಆ ನೆಲದಲ್ಲೇ. ಒಟ್ಟು 612 ಕಲ್ಲು. ಉತ್ತರದ ಬದಿಯವು ಕುಸಿಯುತ್ತಿವೆ. ಮೊದಲು ಸುಣ್ಣದ ಗಾರೆಯ ಮೇಲೆ ಹಾಸಿದ್ದರು. 1934ರಲ್ಲಿ ಯಾರೋ ಸಂದಿಗೆಲ್ಲ ಸಿಮೆಂಟು ತುಂಬಿದರು. ಕೆಳಗಿನ ತೇವ ಹೊರಗೆ ಹೋಗಲು ದಾರಿಯಿಲ್ಲದೆ ಅಂಚುಗಳು ಒಡೆಯುತ್ತಿವೆ. ಕಲ್ಲನ್ನು ಇಡಿಯಾಗಿ ಎತ್ತಿ, ತಳ ಸರಿಮಾಡಿ, ಮತ್ತೆ ಸುಣ್ಣದಲ್ಲೇ ಕೂರಿಸಬೇಕು. ಇಲ್ಲಿ ಯಾರನ್ನು ಕೇಳಿದರೂ ಮೊದಲು ಒಡೆಯುವ ಸುತ್ತಿಗೆಯನ್ನೇ ತೆಗೆಯುತ್ತಾರೆ. ಆಗಸ್ಟ್ ತಿಂಗಳಿನಲ್ಲಿ ಮೂವರನ್ನು ಕರೆದುಕೊಂಡು ಬರಲಾದೀತೇ?

ಒಂದು ಮಾತು. 1913ರಲ್ಲಿ ಅಚ್ಚಾದ ಕೆಥೆಡ್ರಲ್‌ನ ಇತಿಹಾಸದಲ್ಲಿ ಈ ಕಲ್ಲು ಇಂಗ್ಲೆಂಡಿನ ಯಾರ್ಕ್‌ಷೈರಿನಿಂದ ಹಡಗಿನಲ್ಲಿ ಬಂತೆಂದು ಬರೆದಿದೆ. ಚರ್ಚಿನ ಸಮಿತಿಯವರಿಗೆ ಅದೇ ದೊಡ್ಡ ಹೆಮ್ಮೆ. ಹಾಗಾಗಿ ಜೋಪಾನವಾಗಿ ಕೆಲಸ ಮಾಡುವವರೇ ಬೇಕು.

ಧನಶ್ರೀ

* * *

ಶಹಾಬಾದ್
24 ಜೂನ್ 1996

ಧನಶ್ರೀಬಾಯಿಯವರಿಗೆ ಜೈ ಭೀಮ್.

ಕಾಗದ ಮುಟ್ಟಿತು. ನಿಮ್ಮ ನೆನಪು ಇಲ್ಲದೆ ಏನು? ಹಸಿ ಗಾರೆಯ ಮೇಲೆ ಓಡಿಬಂದು ಹೆಜ್ಜೆ ಮೂಡಿಸಿದವರು ನೀವೇ. ನಾನು ನಿಮ್ಮನ್ನು ಗದರಿದೆ, ನಿಮ್ಮ ಅಜ್ಜಿ ಸುಮಿತ್ರಾಬಾಯಿಯವರು ನನ್ನನ್ನು ಗದರಿದರು. ಅವರು ನನಗೆ ನೀರು ಕೊಡುವಾಗ ಮೇಲಿನಿಂದ ಬೊಗಸೆಗೆ ಹುಯ್ಯುತ್ತಿದ್ದರು. ನಾನು ಹಾಸಿದ ಕಲ್ಲಿನ ಮೇಲೆ ಕೂತು ಉಣ್ಣುವವರಿಗೆ ನಾನು ಮುಟ್ಟಿದ ತಂಬಿಗೆ ಆಗುತ್ತಿರಲಿಲ್ಲ. ಇದನ್ನು ಜಗಳಕ್ಕೆಂದು ಬರೆದಿಲ್ಲ. ಕೆಲಸಕ್ಕೆ ಇಳಿಯುವ ಮುಂಚೆ ಇಬ್ಬರಿಗೂ ನೆನಪಿರಲಿ ಅಂತ ಬರೆದೆ.

ನಮ್ಮ ಓಣಿಯಲ್ಲಿ ಎಸ್.ಟಿ.ಡಿ. ಬೂತ್ ಆಗಿದೆ. ಆದರೂ ಕೆಲಸದ ಮಾತು ಕಾಗದದಲ್ಲೇ ಇರಲಿ. ನಾಳೆ ನಾನು ಹಾಗೆ ಅಂದೇ ಇಲ್ಲ ಅನ್ನಲು ಯಾರಿಗೂ ಬರಬಾರದು.

ಈಗ ಕಲ್ಲಿನ ಮಾತು. ಉದ್ದ ಅಗಲ ಎಷ್ಟು, ದಪ್ಪ ಎಷ್ಟು, ಒದ್ದೆಯಾದರೆ ಯಾವ ಬಣ್ಣ, ಬಡಿದರೆ ಎಂಥ ಸಪ್ಪಳ? ಇದಿಷ್ಟು ಬರೆಯಿರಿ. ಇಂಗ್ಲೆಂಡಿನಿಂದ ತಂದರು ಅನ್ನುವುದು ಮಾತ್ರ ನನ್ನ ಗಂಟಲಿನಲ್ಲಿ ಇಳಿಯಲಿಲ್ಲ. ಶಹಾಬಾದಿನ ಮೇಲೆ ರೈಲು ಓಡುವಾಗ, ಇಲ್ಲಿ ಮೊಳ ನೆಲ ಅಗೆದರೆ ಮಡಚಿಟ್ಟ ಹಾಸಿಗೆಯ ಹಾಗೆ ಫರಸಿ ಸಿಗುವಾಗ, ಸಮುದ್ರ ದಾಟಿಸಿ ತರುವ ಹುಚ್ಚು ಯಾರಿಗೆ? ನನ್ನ ಹೆಂಡತಿ ಪೀರಮ್ಮನಿಗೆ ಕಾಗದ ಓದಿ ಹೇಳಿದೆ. "ಅವ್ರ ಊರಾಗ ನೆಲಕ್ಕ ಹಾಕ್ಲಿಕ್ಕಿ ಬ್ಯಾಡೇನ್ರಿ, ಇಲ್ಲಿಗಿ ಯಾಕ ಹೊತ್ತ ತರ್ತಾರ?" ಅಂದಳು.

ಇನ್ನೊಂದು ವಿಷಯ. ನನ್ನ ಮುತ್ತಜ್ಜ ಸಾಯಬಣ್ಣ ಪುಣೆ ಕಡೆಯ ದೊಡ್ಡ ಗಂಟೆಯ ಚರ್ಚಿಗೆ ಕಲ್ಲು ಕಡಿದಿದ್ದನೆಂದು ನಮ್ಮ ಮನೆಯಲ್ಲಿ ಹೇಳಿಕೊಂಡು ಬಂದಿದ್ದಾರೆ. ನಿಮ್ಮ ಚರ್ಚಿಗೆ ದೊಡ್ಡ ಗಂಟೆ ಇದೆಯೇ?

ಜಗದೇವಪ್ಪ

* * *

ಪುಣೆ
8 ಜುಲೈ 1996

ಜಗದೇವಪ್ಪನವರಿಗೆ ನಮಸ್ಕಾರ.

ಕಲ್ಲು ಎರಡು ಅಡಿ ಚೌಕ, ದಪ್ಪ ಒಂದೂವರೆ ಇಂಚು. ಒಣಗಿದಾಗ ಬೂದಿ, ಒದ್ದೆಯಾದರೆ ಕಡುನೀಲಿ. ಬೆರಳಗಂಟಿನಿಂದ ಬಡಿದರೆ ಟಣ್ ಅನ್ನುತ್ತದೆ.

ಗಂಟೆಯಿದೆ. ಗೋಪುರದ ನೆತ್ತಿಯಲ್ಲಿ, ನನಗಿಂತ ಎತ್ತರದ್ದು.

ಕಲ್ಲು ಎಲ್ಲಿಂದ ಬಂತು ಅನ್ನುವ ಚರ್ಚೆ ನಮ್ಮ ಕೆಲಸಕ್ಕೆ ಸೇರಿದ್ದಲ್ಲ. ಸಮಿತಿಯವರ ಎದುರು ದಯವಿಟ್ಟು ಆ ಮಾತು ತೆಗೆಯಬೇಡಿ. ಇದೊಂದು ನನ್ನ ವಿನಂತಿ.

ಅಜ್ಜಿ ತೀರಿಕೊಂಡು ಹನ್ನೊಂದು ವರ್ಷವಾಯಿತು. ನೀವು ಬರೆದದ್ದು ನಿಜ. ಫೋನಿನಲ್ಲಿ ಅಪ್ಪನಿಗೆ ಓದಿ ಹೇಳಬೇಕೆಂದುಕೊಂಡೆ, ಧೈರ್ಯ ಬರಲಿಲ್ಲ.

ಧನಶ್ರೀ

* * *

ಶಹಾಬಾದ್
20 ಜುಲೈ 1996

ಬಾಯಿಯವರಿಗೆ ಜೈ ಭೀಮ್.

ನೀವು ಕೊಟ್ಟ ಅಳತೆ ನೋಡಿದ ಮೇಲೆ ನನಗೆ ಅನುಮಾನ ಉಳಿದಿಲ್ಲ. ಆ ದಪ್ಪ, ಆ ಬಣ್ಣ, ಆ ಸಪ್ಪಳ ಯಾವ ಗಣಿಯದು ಅಂತ ಇಲ್ಲಿ ಯಾರೂ ಯೋಚಿಸಿ ಹೇಳಬೇಕಾಗಿಲ್ಲ. ನೀವೂ ಫರಸಿಯ ಮೇಲೆ ಬೆಳೆದವರು, ಮೇಲಾಗಿ ಓದಿದವರು. ನಿಮಗೆ ಗೊತ್ತಾಗಿಲ್ಲ ಅಂದರೆ ನಂಬುವವನಲ್ಲ ನಾನು.

ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿರು ಅನ್ನುತ್ತೀರಿ. ಸಾಹೇಬರ ಚರ್ಚಿನೊಳಗೆ ನಮ್ಮ ಕಡೆಯ ಕಲ್ಲು ಇದೆ ಅನ್ನಲು ನಿಮಗೆ ನಾಚಿಕೆ ಇರಬೇಕು. ಇರಲಿ. ಅದು ನಿಮ್ಮ ಮನೆಗೆ ಹೊಸದಲ್ಲ.

ಆಗಸ್ಟ್ ಹದಿನೆಂಟಕ್ಕೆ ಬರುತ್ತೇನೆ. ನನ್ನ ಕೈಕೆಳಗಿನ ಹುಡುಗ ರತ್ನದೀಪ ಮತ್ತು ಇನ್ನಿಬ್ಬರು ಜೊತೆಗಿರುತ್ತಾರೆ. ಕಲ್ಲನ್ನು ಅಂಚು ಮುಕ್ಕಾಗದಂತೆ ಎತ್ತಿ ಕೂರಿಸುತ್ತೇನೆ, ಅದಕ್ಕೆ ಮಾತು ಕೊಟ್ಟೆ. ಬಾಯಿ ಮುಚ್ಚುವುದಕ್ಕೆ ಮಾತು ಕೊಟ್ಟಿಲ್ಲ.

ಜಗದೇವಪ್ಪ

* * *

ಶಹಾಬಾದ್
29 ಸೆಪ್ಟೆಂಬರ್ 1996

ಬಾಯಿಯವರಿಗೆ ಜೈ ಭೀಮ್.

ನೀವು ನಾಲ್ಕು ದಿನ ಮುಂಬಯಿಗೆ ಹೋದಿರಿ, ತಿರುಗಿ ಬಂದಾಗ ನಾವಿರಲಿಲ್ಲ. ಏನಾಯಿತೆಂದು ಬೇರೆಯವರು ಹೇಳಿರುತ್ತಾರೆ. ನನ್ನ ಕಡೆಯಿಂದಲೂ ಕೇಳಿ.

ಐದು ವಾರ ನಾನು ಬಾಯಿ ಬಿಡಲಿಲ್ಲ. ಮಾತು ಕೊಟ್ಟಿರದಿದ್ದರೂ ನಿಮ್ಮ ಮುಖ ನೋಡಿ ಸುಮ್ಮನಿದ್ದೆ. ಮೂವತ್ತೆಂಟು ಕಲ್ಲು ಎತ್ತಿದೆವು, ಒಂದಕ್ಕೂ ಮುಕ್ಕಾಗಲಿಲ್ಲ. ಆ ಶನಿವಾರ ಸಮಿತಿಯ ಕಾರ್ಯದರ್ಶಿ ಸಾಹೇಬರು ನಾಲ್ಕು ಜನ ಅತಿಥಿಗಳನ್ನು ಕರೆತಂದರು. ಬೂಟಿನ ತುದಿಯಿಂದ ನೆಲ ತೋರಿಸಿ, ಇದು ಯಾರ್ಕ್‌ಷೈರ್, ಇಂಥ ಕಲ್ಲು ಹಿಂದುಸ್ತಾನದಲ್ಲಿ ಹುಟ್ಟುವುದಿಲ್ಲ ಅಂದರು. ನಾನು ಅದೇ ಕಲ್ಲಿನ ಪಕ್ಕ ಮೊಣಕಾಲೂರಿ ಕೂತಿದ್ದೆ. ತಡೆಯಲಾಗಲಿಲ್ಲ.

ರತ್ನದೀಪನ ಬುತ್ತಿಯಲ್ಲಿ ನಿಂಬೆಹಣ್ಣು ಇತ್ತು. ನಮ್ಮ ಕಡೆಯ ಹೆಣ್ಣುಮಕ್ಕಳಿಗೆಲ್ಲ ಗೊತ್ತಿರುವುದೇ, ಫರಸಿಯ ಮೇಲೆ ನಿಂಬೆಹುಳಿ ಬಿದ್ದರೆ ನೊರೆ ಬಂದು ಬಿಳಿ ಕಲೆ ಉಳಿಯುತ್ತದೆ, ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ನಾನು ಹಿಂದೊಮ್ಮೆ ಮಾಡಿದ ಕಲೆಗೆ ಪೀರಮ್ಮ ಇವತ್ತಿಗೂ ಬೈಯುತ್ತಾಳೆ. ಹಣ್ಣು ಕೊಯ್ದು ಅರ್ಧವನ್ನು ನೆಲಕ್ಕೆ ಹಿಂಡಿದೆ. ಮಕ್ಕಳಿಗೆ ದೀಕ್ಷೆ ಕೊಡುವ ನೀರಿನ ತೊಟ್ಟಿ ಇದೆಯಲ್ಲ, ಅದರ ಕೆಳಗಿನ ಕಲ್ಲು ನಿಜಕ್ಕೂ ಇಂಗ್ಲೆಂಡಿನದು. ಇನ್ನರ್ಧ ಅದಕ್ಕೆ ಹಿಂಡಿದೆ. ಚರ್ಚಿನ ಕಾವಲುಗಾರ ನಾವು ಮಾಟ ಮಾಡುತ್ತಿದ್ದೇವೆಂದು ತಿಳಿದು ಪಾದ್ರಿಯವರನ್ನು ಕರೆಯಲು ಓಡಿದ. ಓಡಲಿ ಅಂತ ಬಿಟ್ಟೆ.

"ಸಾಹೇಬ್ರ, ಬಗ್ಗಿ ನೋಡ್ರಿ," ಅಂದೆ. "ಇಲ್ಲಿ ನೊರಿ ಬಂದದ, ಅಲ್ಲಿ ಬಂದಿಲ್ಲ. ನಿಮ್ಮ ಇಂಗ್ಲೆಂಡ್ ಕಲ್ಲ ನಿಂಬಿಗಿ ಹೆದರಂಗಿಲ್ಲ. ಇದು ನಮ್ಮ ಶಹಾಬಾದ್ ಫರಸಿ." ರತ್ನದೀಪ ಹಿಂದಿಯಲ್ಲಿ ಬಿಡಿಸಿ ಹೇಳಿದ. ಸಾಹೇಬರು ಬಗ್ಗಿ ನೊರೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು. ಆಮೇಲೆ ಕೇಳಿದರು, ಪುಣೆಯಲ್ಲಿ ಬಚ್ಚಲಿಗೆ, ಮೆಟ್ಟಿಲಿಗೆ ಹಾಕುತ್ತಾರಲ್ಲ, ಅದೇ ಕಲ್ಲೇ? ನಾನು ಎದೆಯುಬ್ಬಿಸಿ ಹೇಳಿದೆ, "ಹೌದ್ರಿ, ಅದೇ. ನಿಮ್ಮೂರ ತುಂಬ ನಮ್ಮದೇ ಕಲ್ಲ ಅದ."

ಅವರು ನಕ್ಕರು, ನಮಗೆಲ್ಲ ಚಹಾ ಹೇಳಿದರು. ಗೆದ್ದೆ ಅಂದುಕೊಂಡೆ. ಮರುದಿನ, ಸ್ವಲ್ಪ ದಿನ ಊರಿಗೆ ಹೋಗಿರಿ, ಮತ್ತೆ ಕರೆಸುತ್ತೇವೆ ಅಂದರು. ಇತಿಹಾಸದ ಪುಸ್ತಕ ತಿದ್ದುತ್ತಾರೆಯೇ? ನೀವು ಯಾಕೆ ಒಂದು ಗೆರೆಯನ್ನೂ ಬರೆದಿಲ್ಲ?

ಜಗದೇವಪ್ಪ

* * *

ಪುಣೆ
10 ಅಕ್ಟೋಬರ್ 1996

ಜಗದೇವಪ್ಪನವರೇ,

ನಮಸ್ಕಾರ ಗಿಮಸ್ಕಾರ ಬರೆಯುವ ಮನಸ್ಸಿಲ್ಲ. ನಿಮ್ಮ ಕಾಗದ ಬಂದು ಒಂದು ವಾರವಾಯಿತು. ಬಂದ ದಿನವೇ ಉತ್ತರಿಸಿದ್ದರೆ ಇದಕ್ಕಿಂತ ಕೆಟ್ಟದಾಗಿ ಬರೆಯುತ್ತಿದ್ದೆ.

ಕಲ್ಲು ಶಹಾಬಾದಿನದು. ನನಗೆ ಮಾರ್ಚ್ ತಿಂಗಳಿನಿಂದಲೇ ಗೊತ್ತು. ಗಂಟೆಯ ಕೆಳಗಿನ ಖೋಲಿಯಲ್ಲಿ ತುಕ್ಕು ಹಿಡಿದ ಟ್ರಂಕಿನೊಳಗೆ ರೈಲ್ವೆಯ ಹಳೆಯ ರಸೀದಿ ಸಿಕ್ಕಿತು. 1879ರ ಜನವರಿಯಿಂದ ಮೇ ತನಕ, ಶಹಾಬಾದ್ ಸ್ಟೇಶನ್ನಿನಿಂದ ನಾಲ್ಕು ವ್ಯಾಗನ್, ನೆಲಗಲ್ಲು. ಅದನ್ನು ಯಾರಿಗೂ ತೋರಿಸದೆ ಮನೆಗೆ ತಂದು ಬೀರುವಿನಲ್ಲಿಟ್ಟೆ.

ಯಾಕೆ ಗೊತ್ತೇ? ಹೋದ ವರ್ಷವೇ ಇಲ್ಲಿನ ಬಿಲ್ಡರ್ ಒಬ್ಬರು ತಾಯಿಯ ನೆನಪಿಗೆ ಇಡೀ ಚರ್ಚಿಗೆ ಕನ್ನಡಿಯಂತೆ ಹೊಳೆಯುವ ಗ್ರಾನೈಟ್ ಹಾಕಿಸಿ ಕೊಡುತ್ತೇನೆ ಅಂದಿದ್ದರು. ಸಮಿತಿಯವರೆಲ್ಲ ಒಪ್ಪಿದ್ದರು. ಆಗ ನಾನೇ ಎದ್ದು ನಿಂತು, ನಿಮ್ಮ ಪುಸ್ತಕದಲ್ಲೇ ಇದು ಇಂಗ್ಲೆಂಡಿನ ಕಲ್ಲು ಅಂತಿದೆ, ಇದನ್ನು ಕಿತ್ತು ಬಿಸಾಡುತ್ತೀರಾ ಅಂತ ಕೇಳಿದೆ. ಆ ಒಂದೇ ಮಾತಿಗೆ ಎಲ್ಲರೂ ಹಿಂದೆ ಸರಿದರು. ದುರಸ್ತಿಗೆ ಒಪ್ಪಿಗೆ ಸಿಕ್ಕಿದ್ದು, ನಾನು ನಿಮ್ಮನ್ನು ಕರೆಸಿದ್ದು, ಎಲ್ಲ ಆ ಸುಳ್ಳಿನ ಬಲದ ಮೇಲೆ. ರಸೀದಿ ಸಿಕ್ಕ ಮೇಲೂ ಆ ಸುಳ್ಳನ್ನು ಕಾಯ್ದುಕೊಂಡೆ.

ನೀವು ಒಂದು ನಿಂಬೆಹಣ್ಣಿನಲ್ಲಿ ಅದನ್ನು ಮುಗಿಸಿದಿರಿ. ಈಗ ಕಾರ್ಯದರ್ಶಿಗಳ ಬಾಯಲ್ಲಿ ಇದು ಬಚ್ಚಲ ಕಲ್ಲು. ನವೆಂಬರ್ 23ಕ್ಕೆ ಕೊನೆಯ ಸಭೆ. ಗ್ರಾನೈಟ್ ಆಗಲೇ ಗೊತ್ತು ಮಾಡಿದ್ದಾರೆ. ಹಳೆಯ ಕಲ್ಲನ್ನು ಎತ್ತುವ ಗೊಡವೆಯೂ ಇಲ್ಲ, ಸುತ್ತಿಗೆಯಿಂದ ಒಡೆದು ಯಾವುದೋ ತಗ್ಗಿಗೆ ಸುರಿಯುತ್ತಾರೆ.

ನನಗೆ ನಾಚಿಕೆ ಅಂತ ಬರೆದಿರಿ. ಐದು ವಾರ ನನ್ನ ಜೊತೆ ಚಹಾ ಕುಡಿಯುವಾಗಲೂ ಮನಸ್ಸಿನಲ್ಲಿ ಅದನ್ನೇ ಇಟ್ಟುಕೊಂಡಿದ್ದಿರಿ. ನಿಮಗೆ ನಿಜ ಹೇಳಲಿಲ್ಲ, ಹೇಳಿದರೆ ನೀವು ಸುಮ್ಮನಿರುವವರಲ್ಲ ಅಂತ ಗೊತ್ತಿತ್ತು. ಅದನ್ನು ನೀವೇ ತೋರಿಸಿಕೊಟ್ಟಿರಿ.

ಧನಶ್ರೀ

* * *

ಶಹಾಬಾದ್
19 ಅಕ್ಟೋಬರ್ 1996

ಧನಶ್ರೀಬಾಯಿಯವರಿಗೆ ಜೈ ಭೀಮ್.

ನಿಮ್ಮ ಕಾಗದ ಓದಿ ಎರಡು ದಿನ ಗಣಿಗೆ ಹೋಗಲಿಲ್ಲ. ಕಟ್ಟೆಯ ಮೇಲೆ ಕೂತೇ ಇದ್ದೆ. ಪೀರಮ್ಮ ಬಂದು "ಯಾರ್ ಸತ್ತಾರ?" ಅಂದಳು. "ಇನ್ನಾ ಸತ್ತಿಲ್ಲ" ಅಂದೆ.

ನಿಮಗೆ ನಾಚಿಕೆ ಅಂದದ್ದು ನನ್ನ ತಪ್ಪು. ನಿಮ್ಮ ಅಜ್ಜಿಯ ಲೆಕ್ಕವನ್ನು ನಿಮ್ಮ ತಲೆಗೆ ಕಟ್ಟಿದೆ. ಮಾಫ್ ಮಾಡಿ. ನಿಂಬೆಹಣ್ಣಿನ ತಪ್ಪೂ ನನ್ನದೇ. ಆ ಸಾಹೇಬರು ಯಾಕೆ ನಕ್ಕರೆಂದು ನಾನು ಕೇಳಲಿಲ್ಲ.

ಆದರೆ ನೀವು ಮಾಡಿದ್ದು ಸರಿ ಅಂತ ಮಾತ್ರ ಒಪ್ಪಲಾರೆ. 1968ರಲ್ಲಿ ಸೊಲ್ಲಾಪುರಕ್ಕೆ ಕೆಲಸಕ್ಕೆ ಹೋಗಿದ್ದೆ. ನನ್ನ ಜಾತಿ ಕೇಳಿ ಯಾರೂ ಬಾಡಿಗೆಗೆ ಖೋಲಿ ಕೊಡಲಿಲ್ಲ. ನಮ್ಮ ಮುಕದ್ದಮ, ಕೂಲಿಯವರ ಮೇಲ್ವಿಚಾರಕ, ಒಳ್ಳೆಯ ಮನುಷ್ಯ. "ಬ್ಯಾರೆ ಹೆಸರ ಹೇಳು, ನಾ ಜಾಮೀನ ನಿಲ್ತೀನಿ" ಅಂದ. ಹೇಳಿದೆ. ಖೋಲಿ ಸಿಕ್ಕಿತು. ಮನೆಯವರು ಏಳು ತಿಂಗಳು ಚೆನ್ನಾಗಿ ನೋಡಿಕೊಂಡರು, ಹಬ್ಬಕ್ಕೆ ಹೋಳಿಗೆ ಕೊಟ್ಟರು. ನಮ್ಮಪ್ಪ ನನ್ನನ್ನು ನೋಡಲೆಂದು ಬಂದಾಗ ಸ್ಟೇಶನ್ನಿನಲ್ಲೇ ಭೇಟಿಯಾಗಿ ಅಲ್ಲಿಂದಲೇ ತಿರುಗಿ ಕಳಿಸಿದೆ. ಓಣಿಗೆ ಕರೆದೊಯ್ದರೆ ಅವನು ನಿಜವಾದ ಹೆಸರು ಹೇಳಿಬಿಡುತ್ತಿದ್ದ. ಬುತ್ತಿ ಕಟ್ಟಿಕೊಂಡು ಬಂದಿದ್ದ ಅಪ್ಪ. ಆ ಏಳು ತಿಂಗಳು ಸುಖವಾಗಿದ್ದೆ, ಆ ಸುಖ ನೆನೆಸಿಕೊಂಡರೆ ಇವತ್ತಿಗೂ ಮೈ ಉರಿಯುತ್ತದೆ.

ನೀವು ಕಲ್ಲಿಗೆ ಮಾಡಿದ್ದು ಅದನ್ನೇ. ಒಳ್ಳೆಯ ಮನಸ್ಸಿನಿಂದ ಮಾಡಿದಿರಿ. ಆ ಮುಕದ್ದಮನೂ ಒಳ್ಳೆಯ ಮನಸ್ಸಿನವನೇ. ಇಂಗ್ಲೆಂಡಿನದಾದರೆ ಇರಲಿ, ಶಹಾಬಾದಿನದಾದರೆ ಒಡೆಯಿರಿ ಅನ್ನುವವರ ಮುಂದೆ ಶಹಾಬಾದಿನದು, ಇರಬೇಕು ಅಂತಲೇ ಹೇಳಬೇಕು. ಹಾಗೆ ಹೇಳಿ ಸೋತರೆ ಸೋಲೋಣ.

ನಾನೂ ನಿಮ್ಮಿಂದ ಒಂದು ಮುಚ್ಚಿಟ್ಟಿದ್ದೇನೆ. ಎತ್ತಿದ ಮೂವತ್ತೆಂಟೂ ಕಲ್ಲಿನ ಬೆನ್ನಿಗೆ ಉಳಿಯಿಂದ ಹೊಡೆದ ಗುರುತುಗಳಿವೆ. ಮೀನು, ಬಾಚಣಿಕೆ, ಬಿಲ್ಲು. ಸಾಹೇಬರಿಗೆ ಕಾಣಬಾರದೆಂದು ಕೆಳಮುಖ ಮಾಡಿ ಹಾಕಿದ್ದಾರೆ. ನೀವು ಕೇಳಿದಾಗ ಎತ್ತುವಾಗ ಆದ ಗೀರು ಅಂದೆ. ನಮ್ಮವರ ಗುರುತು ನಿಮ್ಮ ಆಫೀಸಿನ ಫೈಲಿಗೆ ಯಾಕೆ ಹೋಗಬೇಕು ಅನ್ನಿಸಿತ್ತು. ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೇನೆ. ಬಿಲ್ಲು ನನ್ನ ಮುತ್ತಜ್ಜನದು ಅಂತ ನನ್ನ ನಂಬಿಕೆ. ಚಿಂಚೋಳಿ ತಾಲೂಕಿನ ಚಿಮ್ಮನಚೋಡದಲ್ಲಿ ಹಣಮಪ್ಪ ಅನ್ನುವ ಮುದುಕನಿದ್ದಾನೆ, ತೊಂಬತ್ತು ವರ್ಷ. ಅವನ ಅಪ್ಪ ಇಲ್ಲಿ ಗಣಿಯ ಮುಕದ್ದಮನಾಗಿದ್ದ. ಅವನ ಹತ್ತಿರ ಹೋಗಿ ಬರುತ್ತೇನೆ.

ಜಗದೇವಪ್ಪ

* * *

ಪುಣೆ
2 ನವೆಂಬರ್ 1996

ಜಗದೇವಪ್ಪನವರಿಗೆ ನಮಸ್ಕಾರ.

ನಿಮ್ಮ ಅಪ್ಪ ಬುತ್ತಿ ಹಿಡಿದು ತಿರುಗಿ ಹೋದದ್ದನ್ನು ಓದಿದ ಮೇಲೆ ನಿಮ್ಮ ಜೊತೆ ವಾದ ಮಾಡುವುದು ನನ್ನಿಂದಾಗಲಿಲ್ಲ.

ಸಭೆಯಲ್ಲಿ ರಸೀದಿ ಇಡುತ್ತೇನೆ. ಅದನ್ನು ಎಂಟು ತಿಂಗಳು ಬಚ್ಚಿಟ್ಟಿದ್ದೆ ಅಂತಲೂ ಹೇಳಬೇಕಾಗುತ್ತದೆ. ನಮ್ಮ ಆಫೀಸಿನವರು ಅದನ್ನು ಕ್ಷಮಿಸುವವರಲ್ಲ. ಇರಲಿ.

ನನಗೆ ಆ ಗುರುತುಗಳು ಬೇಕು. ಯಾರದು ಯಾವುದು ಅಂತ ಹೇಳಬಲ್ಲವರೂ ಬೇಕು. ಬರುತ್ತೀರಾ?

ಧನಶ್ರೀ

* * *

ಶಹಾಬಾದ್
11 ನವೆಂಬರ್ 1996

ಧನಶ್ರೀಬಾಯಿಯವರಿಗೆ ಜೈ ಭೀಮ್.

ಚಿಮ್ಮನಚೋಡಕ್ಕೆ ಹೋಗಿ ಬಂದೆ. ಹಣಮಪ್ಪನ ಕಣ್ಣು ಪೂರಾ ಹೋಗಿವೆ. ನೋಟ್‌ಬುಕ್ ತೋರಿಸಿ ಏನು ಉಪಯೋಗ? ಅವನ ಅಂಗೈ ಮೇಲೆ ಬೆರಳಿನಿಂದ ಒಂದೊಂದೇ ಗುರುತು ಬರೆದೆ. ಅವನು ಕತ್ತು ವಾರೆ ಮಾಡಿ ಕೂತು ಹೇಳುತ್ತ ಹೋದ.

"ಇದು ಮೀನ. ಭಂಕೂರ ಮಂದೀದು. ನಮ್ಮಪ್ಪ ಎಣಸೂ ಮುಂದ ಇದನ್ನ ನೋಡೇ ಎಣಸ್ತಿದ್ದ."

ಬಾಚಣಿಕೆ ಬರೆದೆ. ಅವನು ನಕ್ಕ. "ಇದು ಹೆಣ್ಮಕ್ಕಳದು. ಕಲ್ಲ ಕಡ್ಯಾವ ಗಂಡಸು, ಅದರ ಮಾರಿ ತಿಕ್ಕಿ ನುಣ್ಣಗ ಮಾಡಾಕಿ ಹೆಣ್ಮಗಳು. ತಿಕ್ಕಿದ ಕಲ್ಲಿಗಿ ಅವ್ರು ಬಾಚಣಿಕಿ ಹೊಡೀತಿದ್ರು."

ಬಿಲ್ಲು ಬರೆದೆ. ಅದು ಯಾದಗಿರಿ ಕಡೆಯಿಂದ ಬಂದವರದಂತೆ. ನಾನು ಬಿಡಲಿಲ್ಲ. "ನಮ್ಮ ಮುತ್ತಜ್ಜ ಸಾಯಬಣ್ಣಂದು ಯಾವುದು ಮುತ್ಯಾ?" ಅಂದೆ.

"ಸಾಯಬಣ್ಣ?" ಅಂದ ಮುದುಕ. "ಅಂವ ವಾಡಿ ಸ್ಟೇಶನ್ದಾಗ ಗಾಡಿ ತುಂಬಾಂವ ಇದ್ದ. ನಮ್ಮಪ್ಪ ಅವನ ಹೆಗಲಿನ ಮಾತ ಭಾಳ ಹೇಳ್ತಿದ್ದ. ಉಳಿ ಹಿಡದಾಂವ ಅಲ್ಲೋ ತಮ್ಮಾ."

ಬಸ್ಸಿನಲ್ಲಿ ಬರುವಾಗ ಕಿಟಕಿಯ ಕಡೆ ಮುಖ ಮಾಡಿ ಕೂತೆ. ಮೂರು ತಲೆಮಾರು ಹೇಳಿಕೊಂಡು ತಿರುಗಿದ ಮಾತು ಸುಳ್ಳಾಯಿತು. ಆ ನೆಲದಲ್ಲಿ ನಮ್ಮ ಮನೆತನದ ಒಂದು ಗೀರೂ ಇಲ್ಲ. ಚಿತಾಪುರ ಬರುವ ಹೊತ್ತಿಗೆ ಮನಸ್ಸು ತಿಳಿಯಾಯಿತು. ಇಲ್ಲದಿದ್ದರೆ ಇಲ್ಲ. ಮುತ್ತಜ್ಜ ಕಡಿದ ಕಲ್ಲು ಅಂತ ಹೋರಾಡಲು ಇದೇನು ಅವನ ಹೊಲವೇ? ಮನೆಗೆ ಬಂದು ನೋಟ್‌ಬುಕ್ ತೆಗೆದು ಎಣಿಸಿದೆ. ಮೂವತ್ತೆಂಟರಲ್ಲಿ ಇಪ್ಪತ್ತೊಂಬತ್ತಕ್ಕೆ ಬಾಚಣಿಕೆ ಇದೆ. ನೂರು ವರ್ಷ ಬಿಷಪ್ಪರು ನಡೆದ ನುಣುಪು ಹೆಣ್ಣುಮಕ್ಕಳ ಕೈಯದು. ಪೀರಮ್ಮನಿಗೆ ಹೇಳಿದೆ. "ಹಂಗಾದ್ರ ನಾನೂ ಬರ್ತೀನಿ" ಅಂದಳು.

ನಾವು ಹನ್ನೆರಡು ಜನ ಬರುತ್ತಿದ್ದೇವೆ. ಸಭೆಯೊಳಗೆ ಬಿಡದಿದ್ದರೆ ನೆಲದ ಮೇಲೆ ಕೂಡುತ್ತೇವೆ.

ಜಗದೇವಪ್ಪ

* * *

ಪುಣೆ
26 ನವೆಂಬರ್ 1996

ಜಗದೇವಪ್ಪ ಕಾಕಾ,

ನಿಮ್ಮನ್ನು ಒಳಗೆ ಬಿಡಲಿಲ್ಲ. ನೀವೆಲ್ಲ ಬಣ್ಣದ ಕಿಟಕಿಯ ಕೆಳಗೆ ಸಾಲಾಗಿ ಕೂತಿದ್ದದ್ದು ಬಾಗಿಲ ಸಂದಿಯಿಂದ ನನಗೆ ಕಾಣುತ್ತಿತ್ತು. ಸಭೆ ಮುಗಿದ ಮೇಲೆ ಹಿಂಬಾಗಿಲಿನಿಂದ ಹೊರಟುಹೋದೆ. ನಿಮ್ಮ ಎದುರು ಬಂದಿದ್ದರೆ ಅತ್ತುಬಿಡುತ್ತಿದ್ದೆ. ಒಳಗೆ ಆದದ್ದನ್ನು ಈಗ ಹೇಳುತ್ತೇನೆ.

ರಸೀದಿಯನ್ನು ಮೇಜಿನ ಮೇಲಿಟ್ಟೆ. ಸಭೆಗೆ ಮುಂಚೆ ನೀವು ಕೊಟ್ಟ ನೋಟ್‌ಬುಕ್ ಬಿಚ್ಚಿ ಮೀನು, ಬಿಲ್ಲು, ಬಾಚಣಿಕೆ ತೋರಿಸಿದೆ. ಈ ಗೋಡೆಯ ನಕ್ಷೆ ಬರೆದ ಎಂಜಿನಿಯರನ ಹೆಸರು ಹಿತ್ತಾಳೆಯಲ್ಲಿದೆ, ಗಾಜು ಮಾಡಿದವನ ಹೆಸರು ಗಾಜಿನಲ್ಲಿದೆ, ನೆಲ ಮಾಡಿದವರ ಹೆಸರು ನೆಲದ ಕೆಳಗಿದೆ ಅಂದೆ. ಇದು ಬಚ್ಚಲಿಗೂ ಆಗುತ್ತದೆ, ಬಲಿಪೀಠದ ಮುಂದೆಯೂ ಆಗುತ್ತದೆ, ಅದು ಈ ಕಲ್ಲಿನ ಕುಂದಲ್ಲ, ದೊಡ್ಡತನ ಅಂದೆ. ಒಬ್ಬರು, ನೀನು ಸುಳ್ಳು ಹೇಳಿ ನಮ್ಮನ್ನು ಒಂದು ವರ್ಷ ಕುಣಿಸಿದೆ ಅಂದರು. ಹೌದು ಅಂದೆ. ತಪ್ಪಾಯಿತು, ಈಗ ನಿಜ ಹೇಳುತ್ತಿದ್ದೇನೆ, ಕೇಳಿ ಅಂದೆ.

ಏಳು ಮತ ಗ್ರಾನೈಟಿಗೆ, ಐದು ನಮಗೆ. ಸೋತೆವು.

ಆಫೀಸಿನವರು ನಿನ್ನೆ ನನ್ನನ್ನು ಕೆಲಸದಿಂದ ಬಿಡಿಸಿದರು. ಡಿಸೆಂಬರ್ ಒಂಬತ್ತಕ್ಕೆ ಗುತ್ತಿಗೆದಾರ ನೆಲ ಒಡೆಯಲು ಶುರುಮಾಡುತ್ತಾನೆ. ಅದನ್ನು ನೋಡುವ ಶಕ್ತಿ ನನಗಿಲ್ಲ. ಸೇಡಂಗೆ ಹೋಗುತ್ತೇನೆ. ಆದರೆ ಒಂದು ಹೇಳುತ್ತೇನೆ ಕಾಕಾ, ಆ ಕೋಣೆಯಲ್ಲಿ ಶಹಾಬಾದ್ ಅನ್ನುವ ಹೆಸರನ್ನು ಗಟ್ಟಿಯಾಗಿ ಹೇಳಿದಾಗ ನನಗೆ ಹಗುರಾಯಿತು. ನೀವು ಹೇಳಿದ್ದು ಸರಿ.

ಧನಶ್ರೀ

* * *

ಪುಣೆ
21 ಡಿಸೆಂಬರ್ 1996

ಮಗಳೇ ಧನಶ್ರೀ, ಜೈ ಭೀಮ್.

ಈಗ ನೀನು ಸೇಡಂನಲ್ಲಿ, ನಾನು ಪುಣೆಯಲ್ಲಿ. ನಿನಗೆ ಹೇಳದೆ ಬಂದೆ, ಹೇಳಿದ್ದರೆ ನೀನು ಬೇಡ ಅನ್ನುತ್ತಿದ್ದೆ. ಪೀರಮ್ಮನೂ ರತ್ನದೀಪನೂ ಜೊತೆಗಿದ್ದಾರೆ. ಒಡೆಯುವುದನ್ನು ಯಾರಾದರೂ ನಿಂತು ನೋಡಬೇಕು, ಯಾರೂ ಇಲ್ಲದಾಗ ಒಡೆದರು ಅಂತ ಆಗಬಾರದು ಅನ್ನುವುದಷ್ಟೇ ನನ್ನ ಮನಸ್ಸಿನಲ್ಲಿತ್ತು.

ಒಂಬತ್ತನೇ ತಾರೀಖು ಗುತ್ತಿಗೆದಾರನ ಲಾರಿ ಬಂತು. ಹದಿನಾರು ಜನ ಕಲ್ಲು ಮೀಟುವ ಸಬ್ಬಲ್, ಸುತ್ತಿಗೆ ಹಿಡಿದು ಇಳಿದರು. ಮುಂದಿನ ಹೆಣ್ಣುಮಗಳು ಒಳಗೆ ಕಾಲಿಟ್ಟವಳೇ ನಿಂತು, ಕೆಳಗೆ ನೋಡಿ, ಹಿಂದಿನವರಿಗೆ ಕನ್ನಡದಲ್ಲಿ ಏನೋ ಅಂದಳು. ನಾನು ಎದ್ದು ಹೋದೆ.

"ಯಾವೂರವ್ರವ್ವಾ?"

"ಕುರಕುಂಟಾ ರೀ, ಸೇಡಂ ಕಡಿ. ನನ್ನ ಹೆಸರ ಚಂದಮ್ಮ. ನೀವ್?"

"ಶಹಾಬಾದ್."

"ಇದ್ ನಮ್ಮ ಕಡೀ ಫರಸಿ ಅಲ್ಲೇನ್ರಿ? ಭೇಷ್ ಅದಲ್ಲ. ಯಾಕ ಒಡಸಾಕತ್ತಾರ?"

"ನಮ್ಮ ಕಡೀದು ಅಂತ ಗೊತ್ತಾತು. ಅದಕ್ಕ ಒಡಸಾಕತ್ತಾರ."

ಪೀರಮ್ಮ ಚಂದಮ್ಮನ ಕೈ ಹಿಡಿದುಕೊಂಡು ಹೋಗಿ, ಗೋಡೆಗೆ ಒರಗಿಸಿಟ್ಟ ಕಲ್ಲಿನ ಬೆನ್ನಿನ ಬಾಚಣಿಕೆ ತೋರಿಸಿ, ಹಣಮಪ್ಪ ಹೇಳಿದ್ದನ್ನೆಲ್ಲ ಹೇಳಿದಳು. ಚಂದಮ್ಮ ಆ ಗುರುತಿನ ಮೇಲೆ ಬೆರಳಾಡಿಸಿದಳು. ಆಮೇಲೆ ಸಬ್ಬಲ್ಲನ್ನು ಸಪ್ಪಳವಾಗದ ಹಾಗೆ ಕೆಳಗಿಟ್ಟು, "ಏ, ಕುಂದರ್ರೋ ಎಲ್ಲಾರು" ಅಂದಳು. ಹದಿನಾರು ಜನ ಕೂತರು. ಗುತ್ತಿಗೆದಾರ ಕೂಗಾಡಿದ. "ನಾ ಒಲ್ಲೆ ಅಂದ್ರ ಒಲ್ಲೆ. ಒಡಿಯೂದಿದ್ರ ನೀನೇ ಒಡಿ, ಸಬ್ಬಲ್ ಇಲ್ಲೇ ಅದ" ಅಂದಳು. ಅವನಿಗೆ ಅದನ್ನು ಎತ್ತಲೂ ಬರುವುದಿಲ್ಲ.

ಅವತ್ತಿನ ಕೂಲಿ ಬಿಟ್ಟುಕೊಟ್ಟು ಹೋದರು ಮಗಳೇ. ಎರಡು ದಿನದ ಮೇಲೆ ಬೇರೆ ತಂಡ ಬಂತು. ಚಿಂಚೋಳಿಯವರು, ಅರ್ಧ ಮಾತು ತೆಲುಗು. ಅವರೂ ಕೂತರು. ಮೂರನೆಯ ತಂಡ ಚಿತಾಪುರದ್ದು, ಅವರಿಗೆ ಚಂದಮ್ಮ ಮೊದಲೇ ಹೇಳಿ ಕಳಿಸಿದ್ದಳು, ಗೇಟಿನೊಳಗೇ ಬರಲಿಲ್ಲ. ಈ ಊರಿನಲ್ಲಿ ಗೋಡೆ ಕಟ್ಟುವವರೂ ಒಡೆಯುವವರೂ ನಮ್ಮ ಕಡೆಯವರೇ ಅಂತ ಗುತ್ತಿಗೆದಾರನಿಗೆ ಯಾರೂ ಹೇಳಿರಲಿಲ್ಲ. ಅವನು ಕೈ ತೊಳೆದುಕೊಂಡ. ಆ ಬಿಲ್ಡರ್ ತನ್ನ ಗ್ರಾನೈಟನ್ನು ಯಾವುದೋ ಹೋಟೆಲಿಗೆ ಕಳಿಸಿದನಂತೆ.

ಮೊನ್ನೆ ಕಾರ್ಯದರ್ಶಿ ಸಾಹೇಬರು ಒಬ್ಬರೇ ಬಂದರು. ಬೆಂಚಿನ ಮೇಲೆ ಕೂತು, ಕಲ್ಲು ಮತ್ತೆ ಕೂರಿಸು, ಆರು ದಿನಕ್ಕೆ ಕ್ರಿಸ್‌ಮಸ್, ಬಿಷಪ್ಪರು ಮೆರವಣಿಗೆಯಲ್ಲಿ ಇದೇ ದಾರಿಯಲ್ಲಿ ಬರಬೇಕು, ಈ ಮೂವತ್ತೆಂಟು ಹೊಂಡ ಇಟ್ಟುಕೊಂಡು ಏನು ಮಾಡಲಿ ಅಂದರು. ನಾನು ಎರಡು ಮಾತು ಹೇಳಿದೆ. ಒಂದು, ಇತಿಹಾಸದ ಪುಸ್ತಕದಲ್ಲಿ ಯಾರ್ಕ್‌ಷೈರ್ ಹೊಡೆದು ಶಹಾಬಾದ್ ಅಂತ ಬರೆಯಬೇಕು. ಎರಡು, ಧನಶ್ರೀಬಾಯಿ ಬಂದು ಇಲ್ಲಿ ನಿಲ್ಲಬೇಕು, ಅವಳು ಹೂಂ ಅಂದ ಮೇಲೆ ನಾನು ಕಲ್ಲು ಇಳಿಸುವುದು. ಅವಳನ್ನು ಬಿಡಿಸಿದ್ದು ಅವಳ ಆಫೀಸು, ನಾವಲ್ಲ ಅಂದರು. ಹಾಗಾದರೆ ಕರೆಯಲಿಕ್ಕೆ ನಿಮಗೆ ಯಾರ ಅಡ್ಡಿಯೂ ಇಲ್ಲ ಅಂದೆ.

ಇವತ್ತು ಬೆಳಿಗ್ಗೆ ಅವರು ಆ ಪುಸ್ತಕ ತಂದು, ನಮ್ಮ ಎದುರಿಗೇ ಆ ಸಾಲನ್ನು ಹೊಡೆದು, ಪಕ್ಕದಲ್ಲಿ ತಮ್ಮ ಕೈಯಾರೆ ಬರೆದು ಸಹಿ ಮಾಡಿದರು. ರತ್ನದೀಪ ಓದಿ ನೋಡಿದ, ಶಹಾಬಾದ್ ಅಂತಲೇ ಇದೆ. ನಿನ್ನ ವಿಷಯಕ್ಕೆ ಮಾತ್ರ, ಹಬ್ಬ ಮುಗಿಯಲಿ, ನೋಡೋಣ, ಮೊದಲು ಕಲ್ಲು ಹಾಕು ಅಂದರು.

"ಆಗಂಗಿಲ್ಲರಿ" ಅಂದೆ.

"ಹಂಗಾದ್ರ ಬಿಷಪ್ಪರು ಹೆಂಗ ಬರಬೇಕು?" ಅಂತ ರತ್ನದೀಪನ ಬಾಯಿಂದ ಕನ್ನಡದಲ್ಲಿ ಕೇಳಿಸಿದರು.

"ಹೊಂಡ ಸುತ್ತಿ ಬರ್ಲಿ" ಅಂದೆ.

ಸುಣ್ಣ ಅರೆದು ಹದ ಮಾಡಿ ಒದ್ದೆ ಗೋಣಿಚೀಲ ಮುಚ್ಚಿದ್ದೇವೆ. ಎಷ್ಟು ದಿನ ಇಟ್ಟರೂ ಕೆಡುವುದಿಲ್ಲ, ಇಟ್ಟಷ್ಟೂ ಒಳ್ಳೆಯದೇ. ನಾವೂ ಎಲ್ಲಿಗೂ ಹೋಗುವುದಿಲ್ಲ. ನೀನು ಬರುವ ತನಕ ಒಂದು ಕಲ್ಲನ್ನೂ ಇಳಿಸುವುದಿಲ್ಲ.

ಜಗದೇವಪ್ಪ